ಮುಟ್ಟುಕಾಡಿನ ದಾರಿಯಲ್ಲಿ ಕೂಟಕ್ಕೊಂದು ಜಾಗ

ಮದರಾಸಿನಲ್ಲಿ ತಯಾರಾದ ಕನ್ನಡ ಸಿನಿಮಾಗಳೆಂದರೆ ಜೀವ ಬಿಡುವ ಸುಮಾರು ಮೂವತ್ತು ಜನ ನಾವು. ನಮ್ಮದು ಸಂಘವಲ್ಲ, ನಮಗೆ ಅಧ್ಯಕ್ಷರಿಲ್ಲ, ರಸೀದಿ ಪುಸ್ತಕವೂ ಇಲ್ಲ. ಧಾರವಾಡದ ಒಬ್ಬ ಹಿರಿಯರ ಬಳಿ ಪಿ. ಬಿ. ಶ್ರೀನಿವಾಸ್ ಹಾಡಿದ ಗ್ರಾಮಫೋನ್ ಪ್ಲೇಟುಗಳಿವೆ. ಮೈಸೂರಿನ ಒಬ್ಬಾಕೆ ಟೆಂಟ್ ಸಿನಿಮಾಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಕಾಸರಗೋಡಿನ ಮೇಷ್ಟ್ರೊಬ್ಬರು ಸಿನಿಮಾ ಶುರುವಿನಲ್ಲಿ ತೆರೆಯ ಮೇಲೆ ಓಡಿಹೋಗುವ ಶಬ್ದಗ್ರಾಹಕರ, ಸಂಕಲನಕಾರರ, ಪ್ರಸಾಧನದವರ ಹೆಸರುಗಳನ್ನು ವರ್ಷಗಟ್ಟಲೆ ನೋಟ್‌ಬುಕ್ಕಿಗೆ ಇಳಿಸಿದವರು. ಇವರೆಲ್ಲ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿಕೊಂಡವರೇ ಹೊರತು ಒಂದೇ ಸೂರಿನಡಿ ಕೂತವರಲ್ಲ. ಕೂತರೆ ಚೆನ್ನೈಯಲ್ಲೇ ಕೂರಬೇಕು, ಆ ಸಿನಿಮಾಗಳು ಹುಟ್ಟಿದ ಊರಿನಲ್ಲೇ ಎರಡು ದಿನ ಕಳೆಯಬೇಕು ಎಂದು ತೀರ್ಮಾನವಾಯಿತು. ಜಾಗ ನೋಡಿ ಬರುವ ಕೆಲಸ ನನ್ನ ಪಾಲಿಗೆ ಬಂತು.

ಬೆಂಗಳೂರಿನಿಂದ ಹೊರಟ ರೈಲು ಜೋಲಾರಪೇಟೆ, ಕಾಟ್ಪಾಡಿ, ಅರಕ್ಕೋಣಂ ದಾಟಿ ಸೆಂಟ್ರಲ್ ಸೇರುವಷ್ಟರಲ್ಲಿ ಬಿಸಿಲಿಗೆ ಉಪ್ಪಿನ ವಾಸನೆ ಕೂಡಿಕೊಂಡಿತ್ತು. ಇದೇ ಹಳಿಯ ಮೇಲೆ ಎಷ್ಟು ಮಂದಿ ಬಂದಿರಬಹುದು! ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವರು, ಹಾರ್ಮೋನಿಯಂ ಹಿಡಿದವರು, ಸಂಭಾಷಣೆ ಬರೆದು ಹೊಟ್ಟೆ ಹೊರೆಯಬೇಕೆಂದು ಬಂದವರು. ಕನ್ನಡದ ಮೊದಲ ಟಾಕಿ 1934ರ ‘ಸತಿ ಸುಲೋಚನ’ ಚಿತ್ರೀಕರಣಗೊಂಡದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಳ ಕಾಲ ಕನ್ನಡ ಚಿತ್ರರಂಗದ ಮನೆ ಎಂದರೆ ಮದರಾಸೇ. ಫ್ಲೋರು, ಲ್ಯಾಬು, ರೆಕಾರ್ಡಿಂಗ್ ಥಿಯೇಟರು ಎಲ್ಲ ಇಲ್ಲಿದ್ದವು. ಶಿವರಾಜ್‌ಕುಮಾರ್ 1962ರಲ್ಲಿ, ಪುನೀತ್ 1975ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಇಳಯರಾಜಾ ಇನ್ನೂ ಹೆಸರು ಮಾಡುವ ಮೊದಲು ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ ಕನ್ನಡದ ಎಷ್ಟೋ ಹಾಡುಗಳಿಗೆ ದುಡಿದದ್ದೂ ಇಲ್ಲೇ.

ಸ್ಟೇಷನ್ನಿಗೆ ಬಂದಿದ್ದ ರಾಯರು ತ್ಯಾಗರಾಯನಗರದಲ್ಲಿ ಹುಟ್ಟಿ ಬೆಳೆದ ಕನ್ನಡಿಗರು, ಬ್ಯಾಂಕಿನಿಂದ ನಿವೃತ್ತರು. “ಮೊದಲು ಸ್ಟುಡಿಯೋಗಳಿದ್ದ ಕೋಡಂಬಾಕ್ಕಂ ಕಡೆ ನೋಡಿಬಿಡೋಣ ಬನ್ನಿ. ಕೂಟ ಅಲ್ಲೇ ಆದರೆ ಎಲ್ಲರಿಗೂ ಖುಷಿ ಅಲ್ವಾ?” ಎಂದರು. ನನಗೂ ಹಾಗೇ ಅನ್ನಿಸಿತ್ತು.

ಅದರ ಪಕ್ಕದ ವಡಪಳನಿಯಲ್ಲಿ ಇಳಿದಾಗ ಸಂಜೆ. ಬಿ. ನಾಗಿರೆಡ್ಡಿಯವರ ವಿಜಯಾ-ವಾಹಿನಿ ಸ್ಟುಡಿಯೋ ಹರಡಿಕೊಂಡಿದ್ದ ಜಾಗದಲ್ಲಿ ಈಗ ಮಾಲ್ ಇದೆ, ಆಸ್ಪತ್ರೆ ಇದೆ, ಹೋಟೆಲ್ ಇದೆ. ಆರ್ಕಾಟ್ ರಸ್ತೆಯಲ್ಲಿ ಎ.ವಿ.ಎಂ. ಸ್ಟುಡಿಯೋದ ಗೋಲ ಮಾತ್ರ ಇನ್ನೂ ಕಣ್ಣಿಗೆ ಬೀಳುತ್ತದೆ. ಗುಬ್ಬಿ ವೀರಣ್ಣನವರ ಜೊತೆ ಎ. ವಿ. ಮೆಯ್ಯಪ್ಪನ್ ಕೈಜೋಡಿಸಿದ್ದರಿಂದಲೇ 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು, ಮುತ್ತುರಾಜ್ ರಾಜ್‌ಕುಮಾರ್ ಆದರು. ಅದನ್ನು ನೆನೆದು ಆ ಗೋಲದ ಎದುರು ಸ್ವಲ್ಪ ಹೊತ್ತು ನಿಂತೆವು. ಮಾಲ್‌ನ ಒಳಗೆ ಮಕ್ಕಳು ಐಸ್‌ಕ್ರೀಂ ತಿನ್ನುತ್ತಿದ್ದರು, ಎಸ್ಕಲೇಟರ್ ತುಂಬಿ ಹರಿಯುತ್ತಿತ್ತು. ಅದರಲ್ಲಿ ಯಾರ ತಪ್ಪೂ ಇಲ್ಲ, ಊರು ಬದುಕಬೇಕು. ಆದರೆ ಮೂವತ್ತು ಜನರನ್ನು ಅಲ್ಲಿಗೆ ಕರೆತಂದು, ಪಾರ್ಕಿಂಗ್ ತೋರಿಸಿ, ಇಲ್ಲೇ ಆ ಫ್ಲೋರ್ ಇತ್ತು ಎಂದರೆ ಅವರ ಮುಖದಲ್ಲಿ ಮೂಡುವ ಭಾವವನ್ನು ನೋಡುವ ಧೈರ್ಯ ನನಗಿರಲಿಲ್ಲ.

ಹತ್ತಿರದ ಒಂದು ಸಭಾಂಗಣವನ್ನೂ ವಿಚಾರಿಸಿದೆವು. ಚೊಕ್ಕ ಜಾಗ, ಮೈಕ್ ವ್ಯವಸ್ಥೆ ಚೆನ್ನಾಗಿದೆ. ಸಂಜೆ ನಾಲ್ಕಕ್ಕೆ ಬಾಗಿಲು ತೆರೆದರೆ ಒಂಬತ್ತಕ್ಕೆ ಖಾಲಿ ಮಾಡಬೇಕು, ಮರುದಿನ ನಿಶ್ಚಿತಾರ್ಥವಿದೆ ಎಂದರು ಅಲ್ಲಿನ ಮ್ಯಾನೇಜರ್. ಆಗ ನನಗೆ ವಿಷಯ ಸ್ಪಷ್ಟವಾಯಿತು. ಅಭಿಮಾನಿಗಳ ಕೂಟದ ಜೀವ ಭಾಷಣದಲ್ಲಿಲ್ಲ. ಕಾರ್ಯಕ್ರಮ ಮುಗಿದು, ಊಟವಾಗಿ, ಬಲ್ಬಿನ ಕೆಳಗೆ ನಾಲ್ಕು ಕುರ್ಚಿ ಎಳೆದುಕೊಂಡು ಕೂತಾಗ ಒಬ್ಬರು ಚೀಲದಿಂದ ಮೆಲ್ಲಗೆ ಒಂದು ಹಾಡಿನ ಪುಸ್ತಕ ತೆಗೆಯುತ್ತಾರಲ್ಲ, ಅಲ್ಲಿ ಇದೆ. ಊರೊಳಗಿನ ಹಾಲ್‌ನಲ್ಲಿ ಆ ಹೊತ್ತಿಗೆ ಅರ್ಧ ಜನ ಅಂಬತ್ತೂರಿನ ತಂಗಿಯ ಮನೆಗೆ, ಮೈಲಾಪುರದ ಸೋದರಮಾವನ ಮನೆಗೆ ಹೊರಟುಬಿಟ್ಟಿರುತ್ತಾರೆ. ಚೆನ್ನೈಯಲ್ಲಿ ನೆಂಟರಿಲ್ಲದ ಕನ್ನಡಿಗರು ಕಡಿಮೆ.

ದೂರದ ಜಾಗ ಬೇಕು, ಬಂದವರು ಬೇಗ ಹೊರಡಲಾಗದಷ್ಟು ದೂರ ಎಂದು ರಾಯರಿಗೆ ಹೇಳಿದೆ. ಅವರು ಒಪ್ಪಲಿಲ್ಲ. “ಎಪ್ಪತ್ತು ದಾಟಿದೋರು ಎಂಟು ಹತ್ತು ಜನ ಇದ್ದಾರೆ. ದೂರ ಅಂದರೆ ಅವರಿಗೇ ಮೊದಲ ಕಷ್ಟ, ನೋಡಿ” ಎಂದರು. ಅದೂ ನಿಜವೇ. ಈ ಎರಡು ಮಾತುಗಳ ನಡುವೆಯೇ ನಮ್ಮ ಉಳಿದ ಓಡಾಟವೆಲ್ಲ ನಡೆಯಿತು.

ಮರುದಿನ ಬೆಳಿಗ್ಗೆ ಕೆಥೀಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾಕ್ಕೆ ಹೋದೆವು. ಈ ಉದ್ಯಾನ ಬಾಗಿಲು ತೆರೆದದ್ದು 2010ರ ನವೆಂಬರಿನಲ್ಲಿ. ಅದಕ್ಕೂ ಮೊದಲು, 1962ರಿಂದ 2008ರವರೆಗೆ ಇಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇತ್ತು. ಉಡುಪಿ ಕಡೆಯ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಹೋಟೆಲುಗಳಲ್ಲಿ ಇದೂ ಒಂದು. ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಬಾಗಿಲಿಗೇ ತಟ್ಟೆ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. ಪಿ. ಬಿ. ಶ್ರೀನಿವಾಸ್ ದಿನವೂ ಬಂದು ಕೂರುತ್ತಿದ್ದದ್ದು ಇಲ್ಲೇ. ತಲೆಗೆ ಟೋಪಿ, ಜೇಬು ತುಂಬ ಬಣ್ಣ ಬಣ್ಣದ ಪೆನ್ನುಗಳು, ಮೇಜಿನ ತುಂಬ ಕಾಗದ. ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದ ಆ ತೆಲುಗು ಮನುಷ್ಯ 1960ರ ‘ಭಕ್ತ ಕನಕದಾಸ’ದಲ್ಲಿ ಕನಕನ ಆರ್ತತೆಯನ್ನು ತನ್ನ ಗಂಟಲಿಗೆ ತಂದುಕೊಂಡರು. 1972ರ ‘ಬಂಗಾರದ ಮನುಷ್ಯ’ದವರೆಗೂ, ಅದರಾಚೆಗೂ, ರಾಜ್‌ಕುಮಾರ್ ಬಾಯಿ ತೆರೆದರೆ ಕನ್ನಡಿಗರಿಗೆ ಕೇಳಿಸಿದ್ದು ಇವರ ದನಿ. 1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜ್ ತಾವೇ ಹಾಡತೊಡಗಿದರು. ಅದಕ್ಕೆ ಮನಸ್ಸು ಕಹಿ ಮಾಡಿಕೊಳ್ಳದೆ ಶ್ರೀನಿವಾಸ್ ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತ, ಗಜಲ್ ಕಟ್ಟುತ್ತ ಕೂತರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಅದರ ಬಗ್ಗೆ ಎಸ್. ಜಾನಕಿಯವರ ಜೊತೆ ಇಂಗ್ಲಿಷಿನಲ್ಲೊಂದು ರೆಕಾರ್ಡ್ ಹಾಡಿದ ಉತ್ಸಾಹ ಅವರದು. 2013ರ ಏಪ್ರಿಲ್ 14ರಂದು ಇದೇ ಊರಿನಲ್ಲಿ ತೀರಿಕೊಂಡರು.

ರಾಯರು ಅವರನ್ನು ಕಂಡಿದ್ದರು. “ಒಂದು ಕಾಫಿ ಹೇಳಿ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅಂತಿರಲಿಲ್ಲ. ಯಾರು ಹೋಗಿ ಮಾತಾಡಿಸಿದರೂ ಹೆಸರು ಕೇಳಿ, ಆ ಹೆಸರಿನ ಮೇಲೇ ಒಂದು ಪದ್ಯ ಕಟ್ಟಿ ಕೊಡೋರು” ಎಂದು ನೆನೆದರು. ಆ ಮೇಜಿದ್ದ ಜಾಗ ಯಾವುದೆಂದು ಹುಡುಕಿದೆವು. ಹುಲ್ಲುಹಾಸು, ಕಾರಂಜಿ, ಸಾಲಾಗಿ ನೆಟ್ಟ ಗಿಡಗಳು. ಹಳೆಯ ಮರಗಳು ಕೆಲವು ಉಳಿದಿವೆ. ಉದ್ಯಾನ ಚೆನ್ನಾಗಿದೆ, ಆದರೆ ಅಲ್ಲಿ ಕೂಟ ನಡೆಸುವಂತಿಲ್ಲ. ನಮಗೆ ಬೇಕಾದದ್ದೇನೆಂದು ಮಾತ್ರ ಅಲ್ಲಿ ತಿಳಿಯಿತು. ಯಾರೂ ಏಳಿ ಎನ್ನದ ಜಾಗ. ಸ್ಟುಡಿಯೋದ ವಿಳಾಸಕ್ಕಿಂತ ಅದು ಮುಖ್ಯ.

ಬಾಡಿಗೆ ಕಾರಿನಲ್ಲಿ ದಕ್ಷಿಣಕ್ಕೆ ಹೊರಟೆವು. ಅಡ್ಯಾರ್ ಸೇತುವೆ ದಾಟುವಾಗ ಎಡಕ್ಕೆ ಥಿಯಾಸಾಫಿಕಲ್ ಸೊಸೈಟಿಯ ದಟ್ಟ ಹಸಿರು. ಅದನ್ನು ಕಂಡು ಅಭಿಮಾನಿಗಳ ಹಳೆಯ ಕೂಟಗಳು ನೆನಪಾದವು. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ 1937ರ ಜನವರಿಯಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಒಂದು ಸಣ್ಣ ಗುಂಪು ಸಮಾವೇಶವೆಂದು ಸೇರಿದ್ದು ಅಲ್ಲಿನ ಥಿಯಾಸಾಫಿಕಲ್ ಹಾಲ್‌ನಲ್ಲಿ. ಮುಂದೆ ಕಥೆಗಾರನಾಗಿ ಹೆಸರಾದ ಆರ್ಥರ್ ಸಿ. ಕ್ಲಾರ್ಕ್ ಎಂಬ ಹುಡುಗನೂ ಅಲ್ಲಿದ್ದ. 1950ರಲ್ಲಿ ಅಮೆರಿಕದ ಓಹಾಯೋದಲ್ಲಿ ಇಂಥದೇ ಅಭಿಮಾನಿಗಳು ಊರ ಗದ್ದಲ ಬೇಡವೆಂದು ಇಂಡಿಯನ್ ಲೇಕ್ ಎಂಬ ಸರೋವರದ ದಡದ ಹೋಟೆಲಿಗೆ ಹೋಗಿ ಸೇರಿದರು. ಹೇಳಿಕೊಳ್ಳುವಂಥ ಕಾರ್ಯಕ್ರಮಪಟ್ಟಿಯಿಲ್ಲ, ಮಾತು ಮತ್ತು ಒಡನಾಟವೇ ಕಾರ್ಯಕ್ರಮ. ಮಿಡ್‌ವೆಸ್ಟ್‌ಕಾನ್ ಎಂಬ ಆ ಕೂಟ ಮುಂದೆ ಸಿನ್ಸಿನಾಟಿಗೆ ಹೋಗಿ ದಶಕಗಳ ಕಾಲ ನಡೆಯಿತು. ಚೆನ್ನೈಯಲ್ಲೂ 2024ರ ಫೆಬ್ರುವರಿಯಲ್ಲಿ ನಂದಂಬಾಕ್ಕಂನ ಟ್ರೇಡ್ ಸೆಂಟರ್‌ನಲ್ಲಿ ಮೊದಲ ಕಾಮಿಕ್ ಕಾನ್ ನಡೆದಿದೆ. ಅದಕ್ಕೆ ಅಷ್ಟು ದೊಡ್ಡ ಜಾಗವೇ ತಕ್ಕದ್ದು. ಸಣ್ಣ ಕೂಟದ ಲೆಕ್ಕ ಬೇರೆ. ದೊಡ್ಡ ಕೋಣೆಯಲ್ಲಿ ಮೂವತ್ತು ಜನ ಕೂತರೆ ಬಾರದವರ ಕುರ್ಚಿಗಳೇ ಎದ್ದು ಕಾಣುತ್ತವೆ.

ಕನ್ನಡಿಗರು ಮದರಾಸಿನಲ್ಲಿ ಸೇರಿದ್ದು ಹೊಸದೇನಲ್ಲ ಎಂದು ರಾಯರಿಗೆ ನೆನಪಿಸಿದೆ. 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲಿ, ಅಧ್ಯಕ್ಷರು ಟಿ. ಪಿ. ಕೈಲಾಸಂ. ತಮಿಳು ಮನೆಮಾತಿನ ಮನುಷ್ಯ, ಕನ್ನಡ ರಂಗಭೂಮಿಗೆ ಮನೆಮಾತನ್ನೇ ತಂದವರು, ತಮಿಳರ ರಾಜಧಾನಿಯಲ್ಲಿ ಕನ್ನಡಕ್ಕೆ ಅಧ್ಯಕ್ಷರಾದರು. ಮರುವರ್ಷವೇ ಹೋಗಿಬಿಟ್ಟರು. ತೆಲುಗಿನ ಶ್ರೀನಿವಾಸ್, ತಮಿಳಿನ ಕೈಲಾಸಂ. ಕನ್ನಡವನ್ನು ಹೀಗೆ ಹೊತ್ತವರನ್ನು ನೆನೆಯಲು ಗಡಿಯಾಚೆಯ ಊರೇ ಸರಿ ಎಂಬ ನನ್ನ ನಂಬಿಕೆ ಆ ದಾರಿಯಲ್ಲಿ ಇನ್ನಷ್ಟು ಗಟ್ಟಿಯಾಯಿತು.

ತಿರುವಾನ್ಮಿಯೂರು ದಾಟಿದರೆ ಪೂರ್ವ ಕರಾವಳಿ ರಸ್ತೆ. ಊರವರ ಬಾಯಲ್ಲಿ ಈಸಿಆರ್. ಎಡಕ್ಕೆ ಸಮುದ್ರವಿದೆಯೆಂದು ಗೊತ್ತಿದ್ದರೂ ಬಂಗಲೆಗಳ ಗೋಡೆಗಳು ಅದನ್ನು ಮುಚ್ಚಿವೆ. ಗಾಳಿ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ.

ಇಂಜಂಬಾಕ್ಕಂನ ಚೋಳಮಂಡಲ ಕಲಾವಿದರ ಗ್ರಾಮದಲ್ಲಿ ಇಳಿದೆವು. ಮದರಾಸು ಕಲಾಶಾಲೆಯ ಕೆ. ಸಿ. ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು 1966ರಲ್ಲಿ ಕಟ್ಟಿದ ಊರು ಇದು. ಬಾಟಿಕ್ ಮುಂತಾದ ಕರಕುಶಲದ ಕೆಲಸ ಮಾರಿ ಬಂದ ಹಣದಿಂದ ಜಮೀನು ಕೊಂಡು, ಮನೆ ಕಟ್ಟಿಕೊಂಡು, ಚಿತ್ರ ಬರೆದರು. ಮೈಸೂರಿನ ಎಸ್. ಜಿ. ವಾಸುದೇವ್ ಆ ಮೊದಲ ಗುಂಪಿನಲ್ಲಿದ್ದವರು. 1970ರ ‘ಸಂಸ್ಕಾರ’ಕ್ಕೆ ಕಲಾ ನಿರ್ದೇಶನ ಅವರದೇ.

‘ಸಂಸ್ಕಾರ’ವನ್ನು ನಾವು ಶೃಂಗೇರಿ ಕಡೆಯ ವೈಕುಂಠಪುರದಲ್ಲಿ ತೆಗೆದ ಮಲೆನಾಡಿನ ಸಿನಿಮಾ ಎಂದು ನೆನೆಯುತ್ತೇವೆ. ಅದರ ಬೇರು ಮದರಾಸಿನಲ್ಲಿದೆ. ಅದರಲ್ಲಿ ನಟಿಸಿದ ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಇಲ್ಲಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಕೆಲಸಕ್ಕಿದ್ದರು. ಸಂಜೆಗಳನ್ನು ಮದ್ರಾಸ್ ಪ್ಲೇಯರ್ಸ್ ನಾಟಕ ತಂಡದೊಂದಿಗೆ ಕಳೆಯುತ್ತಿದ್ದರು. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅದೇ ತಂಡದವರು, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರ ಪತಿ. ಮದರಾಸಿನ ಸೆನ್ಸಾರ್ ಮಂಡಳಿ ಸಿನಿಮಾವನ್ನು ತಡೆಹಿಡಿಯಿತು. ತಡೆ ತೆರವಾದ ಮೇಲೆ ಆ ವರ್ಷದ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿ ಬಂತು, ಕನ್ನಡಕ್ಕೆ ಮೊದಲ ಬಾರಿ. ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿದ ಸ್ನೇಹಲತಾ 1977ರ ಜನವರಿಯಲ್ಲಿ ತೀರಿಕೊಂಡರು. ಇದನ್ನೆಲ್ಲ ಹೇಳುತ್ತಾ ಮರಗಳ ಕೆಳಗೆ ನಡೆದೆವು. ನಮ್ಮ ಗುಂಪಿನಲ್ಲಿ ರಾಜ್‌ಕುಮಾರ್ ಸಿನಿಮಾಗಳ ಪ್ರೇಮಿಗಳಿಗೂ ಹೊಸ ಅಲೆಯ ಪ್ರೇಮಿಗಳಿಗೂ ಸದಾ ಜಟಾಪಟಿ. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಕೆಲವೇ ಮೈಲಿ ಅಂತರದಲ್ಲಿ ಎರಡೂ ಬೆಳೆದವು ಎಂಬುದು ಈ ದಾರಿಯಲ್ಲಿ ಬಂದವರಿಗೆ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಚೋಳಮಂಡಲದ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತಾಗ ಇದೇ ಆಗಲಿ ಎನ್ನಿಸಿತು. ಆದರೆ ಅದು ಕಲಾವಿದರು ಬದುಕುವ, ಕೆಲಸ ಮಾಡುವ ಜಾಗ. ರಾತ್ರಿ ಹನ್ನೊಂದಕ್ಕೆ ಮೂವತ್ತು ಜನ ಹಾಡು ಹಾಕಿಕೊಂಡು ಕೂತರೆ ಅವರ ಬದುಕಿಗೆ ಅಡ್ಡಿ. ಅಲ್ಲದೆ ಈಸಿಆರ್ ಬೆಳೆದು ನಗರ ಇಲ್ಲಿಯವರೆಗೂ ಬಂದುಬಿಟ್ಟಿದೆ. 1966ರಲ್ಲಿ ಇದ್ದ ದೂರ ಈಗಿಲ್ಲ.

ಮುಂದೆ ಉತ್ತಂಡಿಯ ಟೋಲ್ ದಾಟಿದ ಮೇಲೆ ರಸ್ತೆ ಸ್ವಲ್ಪ ಉಸಿರಾಡಿತು. ಮುಟ್ಟುಕಾಡಿನ ಹತ್ತಿರ ದಕ್ಷಿಣಚಿತ್ರ. ಡೆಬೊರಾ ತ್ಯಾಗರಾಜನ್ ಅವರ ಮದ್ರಾಸ್ ಕ್ರಾಫ್ಟ್ ಫೌಂಡೇಶನ್ ಕಟ್ಟಿ 1996ರ ಡಿಸೆಂಬರಿನಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯ. ಲಾರಿ ಬೇಕರ್ ಅವರ ಕೈಚಳಕದ ಇಟ್ಟಿಗೆಯ ಕಟ್ಟಡಗಳು, ಅವುಗಳ ನಡುವೆ ದಕ್ಷಿಣದ ರಾಜ್ಯಗಳ ಹಳೆಯ ಮನೆಗಳು. ಮೂಲದ ಊರಿನಲ್ಲಿ ಕೆಡವಿಹಾಕಬೇಕಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ತಂದು, ಮತ್ತೆ ನಿಲ್ಲಿಸಿದ್ದಾರೆ.

ಕರ್ನಾಟಕದ ಭಾಗದಲ್ಲಿ ಇಳಕಲ್ಲಿನ ನೇಕಾರರ ಮನೆ ಇದೆ, ಚಿಕ್ಕಮಗಳೂರಿನದೊಂದು ಮನೆಯೂ ಇದೆ. ನೇಕಾರರ ಮನೆಯ ಕಲ್ಲಿನ ಹೊಸ್ತಿಲ ಮೇಲೆ ಕೈಯಿಟ್ಟೆ. ಕಡಲ ಗಾಳಿಯಲ್ಲೂ ಕಲ್ಲು ಬಿಸಿಯಾಗಿತ್ತು. ಒಳಗೆ ಹೋದರೆ ತಂಪು, ಗೋಡೆ ಅಷ್ಟು ದಪ್ಪ. ಇದೇ ರಸ್ತೆ ಇನ್ನೂ ಮುಂದೆ ಹೋದರೆ ಮಾಮಲ್ಲಪುರ. ಬಾದಾಮಿಯನ್ನು ಗೆದ್ದ ಪಲ್ಲವ ನರಸಿಂಹವರ್ಮನ ಬಿರುದೇ ಆ ಊರಿನ ಹೆಸರು. ಆಮೇಲೆ ಬಾದಾಮಿಯ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದರೂ ಊರನ್ನು ಸುಲಿಯಲಿಲ್ಲ, ಕೈಲಾಸನಾಥ ದೇವಾಲಯದ ಐಶ್ವರ್ಯವನ್ನು ದೇವರಿಗೇ ಬಿಟ್ಟುಕೊಟ್ಟ. ಅದನ್ನು ಹೇಳುವ ಕನ್ನಡ ಶಾಸನ ಅದೇ ಗುಡಿಯ ಕಂಬದ ಮೇಲಿದೆ. ಇಳಕಲ್ ಇರುವುದೂ ಬಾದಾಮಿ ಇರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ. ಆ ಜಿಲ್ಲೆಯ ಮನೆಯೊಂದು ಮಾಮಲ್ಲನ ಊರಿನ ದಾರಿಯಲ್ಲಿ ಜೋಪಾನವಾಗಿ ನಿಂತಿರುವುದು ನನಗೆ ಬಹಳ ಹಿಡಿಸಿತು.

ರಾಯರು ಅಷ್ಟರಲ್ಲಿ ಕೆಲಸದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಅವರು ಕೇಳಿದ್ದು ಒಂದೊಂದೂ ಸರಿಯಾದದ್ದೇ. ಕೂರಲು ಕೈಯಿರುವ ಕುರ್ಚಿ ಎಷ್ಟಿವೆ, ಮೆಟ್ಟಿಲಿಲ್ಲದೆ ಹೋಗುವ ದಾರಿ ಯಾವುದು, ಹಾಸಿಗೆಗೂ ಶೌಚಾಲಯಕ್ಕೂ ಎಷ್ಟು ದೂರ, ಕರೆಂಟ್ ಹೋದರೆ ಏನು, ಬೆಳಿಗ್ಗೆ ಐದಕ್ಕೆ ಎದ್ದು ಕೂರುವವರಿಗೆ ಕಾಫಿ ಎಲ್ಲಿ. ಸಭೆ ಸೇರುವ ಕೋಣೆ ಇದೆ, ಬಯಲು ರಂಗವಿದೆ, ಉಳಿಯಲು ವಸತಿಯೂ ಇದೆ. ವಾರದಲ್ಲಿ ಮಂಗಳವಾರ ರಜೆ. ಸಂಜೆ ಪ್ರವಾಸಿಗರು ಹೊರಟ ಮೇಲೆ ಆವರಣ ಶಾಂತ.

ನನ್ನ ಚಿಂತೆ ಬೇರೆ. ಧಾರವಾಡದವರ ಪ್ಲೇಟುಗಳು. ಹಳೆಯ ಅರಗಿನ ಪ್ಲೇಟಿಗೆ ಕಡಲ ತೇವ ಒಳ್ಳೆಯದಲ್ಲ, ಬೂಷ್ಟು ಹಿಡಿಯುತ್ತದೆ. ವಿನೈಲ್ ಆದರೆ ಕಾರಿನ ಹಿಂದಿನ ಗಾಜಿನ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಸೊಟ್ಟಗಾಗಬಹುದು. ಅವನ್ನು ಮರದ ಪೆಟ್ಟಿಗೆಯಲ್ಲಿ ನಿಲ್ಲಿಸಿಯೇ ತರಬೇಕು, ಒಂದರ ಮೇಲೊಂದು ಮಲಗಿಸಬಾರದು, ಎ.ಸಿ. ಕೋಣೆಯಿಂದ ಹೊರಗೆ ತಂದ ಕೂಡಲೇ ಬೆವರುವ ಪ್ಲೇಟಿನ ಮೇಲೆ ಮುಳ್ಳು ಇಳಿಸಬಾರದು. ಹಾಡಿನ ಪುಸ್ತಕಗಳ ಕಾಗದವಂತೂ ಮುಟ್ಟಿದರೆ ಉದುರುವಷ್ಟು ಹಳತು. ಒಣ ಹವೆಯ ತಿಂಗಳು ಬೇಕು.

ತಿಂಗಳ ಲೆಕ್ಕವೂ ಸುಲಭವಾಗಿರಲಿಲ್ಲ. ಪಿಬಿಎಸ್ ಹುಟ್ಟಿದ ಸೆಪ್ಟೆಂಬರ್ 22ಕ್ಕೆ ಇಡೋಣವೆಂದು ಹಲವರ ಆಸೆ. ಆಗ ಚೆನ್ನೈ ಬೆಂದು ನೀರಾಗಿರುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದ ಹಿಂಗಾರು. ಇಲ್ಲಿ ಮಳೆಗಾಲ ಅದೇ, ಚಂಡಮಾರುತದ ಕಾಲವೂ ಅದೇ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಬಂದಾಗ ಊರಿಗೆ ಊರೇ ನೀರಿನಲ್ಲಿ ನಿಂತದ್ದನ್ನು ರಾಯರು ಕಣ್ಣಾರೆ ಕಂಡಿದ್ದರು. ಡಿಸೆಂಬರಿನ ಕೊನೆಗೆ ಸಭಾಗಳ ಸಂಗೀತೋತ್ಸವ, ರೂಮುಗಳು ತುಟ್ಟಿ. ಜನವರಿ ನಡುವೆ ಪೊಂಗಲ್. ಪಿಬಿಎಸ್ ತೀರಿಕೊಂಡ ಏಪ್ರಿಲ್ 14 ತಮಿಳರ ಹೊಸವರ್ಷ, ಜೊತೆಗೆ ಕತ್ತರಿ ಬಿಸಿಲಿನ ಮುನ್ನುಡಿ. ಉಳಿದದ್ದು ಫೆಬ್ರುವರಿ. ಹವೆ ಒಣಗಿರುತ್ತದೆ, ರಾತ್ರಿ ತಣ್ಣಗಿರುತ್ತದೆ.

ಮಾಮಲ್ಲಪುರದವರೆಗೂ ಹೋಗಿ ಬಂದೆವು. ಅಲ್ಲಿನ ಒಂದು ರೆಸಾರ್ಟ್‌ನಲ್ಲಿ ಹುಲ್ಲಿನ ಮೇಲೆ ಮದುವೆಯ ಡಿಜೆ ಕಟ್ಟುತ್ತಿದ್ದರು. ಸಮುದ್ರ ಕಾಣುವ ಕೋಣೆಯ ದರ ಕೇಳಿ ಮೇಷ್ಟ್ರ ಪಿಂಚಣಿ ನೆನಪಾಯಿತು. ಅಲ್ಲಿ ನಿಲ್ಲಲಿಲ್ಲ.

ಹಿಂತಿರುಗುವಾಗ ಮುಟ್ಟುಕಾಡಿನ ಸೇತುವೆಯ ಬಳಿ ಕಾರು ನಿಲ್ಲಿಸಿದೆವು. ಒಂದು ಕಡೆ ಹಿನ್ನೀರು, ದೋಣಿಮನೆ. ಇನ್ನೊಂದು ಕಡೆ ಹಿನ್ನೀರು ಕಡಲು ಸೇರುವ ಅಳಿವೆ. ಅಲ್ಲಿಂದಲೇ ಧಾರವಾಡಕ್ಕೆ ಫೋನ್ ಮಾಡಿದೆ. ಊರಿನಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು, ಸೆಂಟ್ರಲ್‌ನಿಂದ ನಮ್ಮದೇ ವ್ಯಾನ್, ರಾತ್ರಿ ಯಾರೂ ಎಬ್ಬಿಸುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆಸ್ಪತ್ರೆ ಎಷ್ಟು ದೂರ ಐತ್ರಿ?” ಎಂದು ಕೇಳಿದರು. ಅದೇ ರಸ್ತೆಯಲ್ಲಿದೆ, ಡ್ರೈವರ್ ಸಹಿತ ಒಂದು ಕಾರು ಎರಡು ದಿನವೂ ಬಾಗಿಲಲ್ಲೇ ಇರುತ್ತದೆ ಎಂದು ರಾಯರು ಫೋನ್ ಇಸಿದುಕೊಂಡು ತಾವೇ ಹೇಳಿದರು. ದೂರ ಬೇಡವೆಂದವರೇ ಆ ದೂರಕ್ಕೆ ಜವಾಬು ಕೊಟ್ಟರು. ಹಾಗಾದರೆ ಪೆಟ್ಟಿಗೆ ಮಾಡಿಸಲು ಬಡಿಗೇರನಿಗೆ ಹೇಳುತ್ತೇನೆ ಎಂದರು ಅತ್ತಲಿಂದ.

ಕಾರ್ಯಕ್ರಮದ ಪಟ್ಟಿಯನ್ನು ತ್ಯಾಗರಾಯನಗರದ ರಾಯರ ಮನೆಯ ಊಟದ ಮೇಜಿನ ಮೇಲೆ ಬರೆದೆವು. ಮೊದಲ ದಿನ ಬೆಳಿಗ್ಗೆ ವಡಪಳನಿ, ವ್ಯಾನಿನಿಂದ ಇಳಿಯದೆ ಒಂದು ಸುತ್ತು. ದಾರಿಯಲ್ಲಿ ಚೋಳಮಂಡಲದಲ್ಲಿ ಒಂದು ಗಂಟೆ. ಮಧ್ಯಾಹ್ನದ ಹೊತ್ತಿಗೆ ಮುಟ್ಟುಕಾಡು. ಸಂಜೆ ಮೇಷ್ಟ್ರು ತಮ್ಮ ನೋಟ್‌ಬುಕ್ಕಿನಿಂದ ಶಬ್ದಗ್ರಾಹಕರ ಹೆಸರುಗಳನ್ನು ಓದುತ್ತಾರೆ. ಅವರಲ್ಲಿ ಯಾರ ಮಕ್ಕಳಾದರೂ ಚೆನ್ನೈಯಲ್ಲಿ ಇದ್ದರೆ ಹುಡುಕಿ ಕರೆಯುವ ಕೆಲಸ ರಾಯರದು. ರಾತ್ರಿ ಊಟದ ಮುಂದಿನ ಜಾಗವನ್ನು ಖಾಲಿ ಬಿಟ್ಟೆವು. ಮೊದಲ ರಾತ್ರಿ ತೆರೆಗೆ ಹಾಕುವುದು ‘ಭಕ್ತ ಕನಕದಾಸ’ವೋ ‘ಸಂಸ್ಕಾರ’ವೋ ಎಂಬ ಚರ್ಚೆ ಮಾತ್ರ ಅಂದು ಬಗೆಹರಿಯಲಿಲ್ಲ. ಮೈಸೂರಿನಾಕೆ ಫೋನಿನಲ್ಲಿ ಎರಡೂ ಕಡೆಯ ವಾದ ಕೇಳಿ, ಎರಡನ್ನೂ ಹಾಕಿ, ನಿದ್ದೆ ಬಂದವರು ಮಲಗಲಿ ಎಂದರು. ರಾಯರು ಪಟ್ಟಿಯಲ್ಲಿ ಅದನ್ನೇ ಬರೆದುಕೊಂಡು, ನಡುವೆ ಕಾಫಿ ಎಂದು ಸೇರಿಸಿದರು.